ಚಿತ್ರದಲ್ಲಿ ಬೇಯದ ಅನ್ನ

ಮೊನ್ನೆ ಹಿರಿಯಡ್ಕದ ನೆಂಟರು ಕಳಿಸಿದ ಮಾವಿನಹಣ್ಣಿನ ಬುಟ್ಟಿ ಬಿಚ್ಚಿದಾಗ, ಹಣ್ಣಿಗಿಂತ ಮೊದಲು ಮೂಗಿಗೆ ಬಂದದ್ದು ಬೈಹುಲ್ಲಿನ ವಾಸನೆ. ನಿಮಗೆ ಅದು ದನದ ಕೊಟ್ಟಿಗೆಯನ್ನು ನೆನಪಿಸೀತು. ನನಗೆ ನೆನಪಾದದ್ದು ಕುಚ್ಚಲಕ್ಕಿ ಅನ್ನ ಮತ್ತು ನನ್ನ ಅತ್ತೆ. ನಮ್ಮ ಕೊಂಕಣಿಯಲ್ಲಿ ಅತ್ತೆಗೆ ಮಾಂಯ್ ಎನ್ನುತ್ತೇವೆ.

ಎಪ್ಪತ್ತರ ದಶಕದ ಕೊನೆ. ಮದುವೆಯಾಗಿ ಶಂಕರಪುರಕ್ಕೆ ಬಂದ ಹೊಸತು. ಕಾಪುವಿನ ಒಂದು ಶಾಲೆಯಲ್ಲಿ ಗೃಹವಿಜ್ಞಾನ ಕಲಿಸುತ್ತಿದ್ದೆ. ಇಂಧನ ಉಳಿತಾಯದ ಪಾಠವನ್ನು ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆದು ವಿವರಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನೇ ನಂಬಿಕೊಂಡಿದ್ದೆ. ಮನೆಯಲ್ಲಿ ಮಾತ್ರ ಮಾಂಯ್ ದಿನವೂ ಸೌದೆ ಒಲೆಯ ಮುಂದೆ ಗಂಟೆಗಟ್ಟಲೆ ಕೂತು ಅನ್ನ ಬೇಯಿಸುತ್ತಿದ್ದರು. ಗ್ಯಾಸಿಗೆ ಹೆಸರು ಬರೆಸಿ ವರ್ಷಗಳಾಗಿದ್ದರೂ ಸರದಿ ಇನ್ನೂ ಬಂದಿರಲಿಲ್ಲ.

ಆ ಬೇಸಿಗೆಯಲ್ಲಿ ಅವರ ಕೆಮ್ಮು ಜೋರಾಯಿತು. ಹೊಗೆಯ ಹತ್ತಿರ ಹೋಗಬೇಡಿ ಎಂದರು ಮಣಿಪಾಲದ ಡಾಕ್ಟರು. ಅಡುಗೆಗೆ ಒಬ್ಬ ಹೆಂಗಸನ್ನು ಗೊತ್ತುಮಾಡುವ ಮಾತನ್ನು ನನ್ನ ಗಂಡ ಎತ್ತಿದರು. ಮಲ್ಲಿಗೆ ಕಟ್ಟುತ್ತಿದ್ದ ಮಾಂಯ್ ಬೆರಳು ನಿಲ್ಲಿಸಿದರು.

"ನನ್ನ ಅಡುಗೆಮನೆಗೆ ಬೇರೆಯವರು ಬರುವುದು ನಾನು ಸತ್ತ ಮೇಲೆ."

ಆಮೇಲೆ ನನ್ನತ್ತ ತಿರುಗಿದರು. "ಶಾಲೆಯಲ್ಲಿ ನೀನು ಕಲಿಸುವುದು ಎಂತ? ಬೆಂಕಿ ಕಡಿಮೆ ಮಾಡುವ ದಾರಿ ಉಂಟಾ?"

"ಉಂಟು ಮಾಂಯ್. ಅನ್ನ ಸ್ವಲ್ಪ ಹೊತ್ತು ಚೆನ್ನಾಗಿ ಕುದಿದ ಮೇಲೆ ಪಾತ್ರೆಯನ್ನು ಬೈಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮುಚ್ಚಿಡುವುದು. ಉಳಿದದ್ದು ಒಳಗಿನ ಬಿಸಿಯಲ್ಲೇ ಬೇಯುತ್ತದೆ."

"ನೀನು ಮಾಡಿದ್ದೀಯಾ?"

"ಇಲ್ಲ. ಚಿತ್ರ ಬರೆದಿದ್ದೇನೆ."

"ಚಿತ್ರದಲ್ಲಿ ಅನ್ನ ಬೇಯುತ್ತದಾ?"

ಮರುದಿನವೇ ಅಂಗಡಿಯಿಂದ ಚಹಾಪುಡಿ ತುಂಬಿ ಬರುವ ಮರದ ದೊಡ್ಡ ಪೆಟ್ಟಿಗೆಯೊಂದು ಖಾಲಿಯಾಗಿ ಬಂತು. ಮೊದಲ ದಿನ ಕುತೂಹಲ ತಡೆಯದೆ ಮೂರು ಸಲ ಮುಚ್ಚಳ ತೆಗೆದು ಇಣುಕಿದವಳು ಪಾಠ ಹೇಳುವ ನಾನೇ. ಅಕ್ಕಿ ಕಲ್ಲಿನ ಹಾಗೇ ಉಳಿಯಿತು. ಎರಡನೆಯ ದಿನ ಹುಲ್ಲು ಸಡಿಲವಾಗಿ ಅನ್ನ ಅರೆಬೆಂದಿತು.

"ಸಾಕಮ್ಮಾ, ಬಿಟ್ಟುಬಿಡಿ" ಎಂದರು ನನ್ನ ಗಂಡ, ತಟ್ಟೆ ದೂಡುತ್ತ.

"ನೀನು ನಡೆಯಲು ಕಲಿತದ್ದು ಎರಡು ದಿನದಲ್ಲಾ?"

ಮೂರನೆಯ ದಿನ ಭಾನುವಾರ. ಅದುವರೆಗೆ ಮಾಂಯ್ ಬೆಳಗಿನ ಮೊದಲ ಪೂಜೆಗೆ ಒಬ್ಬರೇ ಇಗರ್ಜಿಗೆ, ಅಂದರೆ ನಮ್ಮ ಚರ್ಚಿಗೆ, ಹೋಗಿ ಬಂದು ಒಲೆ ಹೊತ್ತಿಸುವವರು. ನಾವೆಲ್ಲ ಹೋಗುವ ಎರಡನೆಯ ಪೂಜೆಯಲ್ಲಿ ಅವರು ನಮ್ಮ ಜೊತೆ ಕೂತದ್ದೇ ಇಲ್ಲ. ಅಂದು ಹುಲ್ಲನ್ನು ಗುದ್ದಿ ಗುದ್ದಿ ತುಂಬಿದರು. ಕುದಿಯುವ ಪಾತ್ರೆ ಇಳಿಸಿ, ಮೇಲೆ ಹತ್ತಿಯ ದಿಂಬು ಒತ್ತಿ, ನನ್ನನ್ನೇ ನೋಡುತ್ತ ಮುಚ್ಚಳದ ಮೇಲೆ ರುಬ್ಬುವ ಗುಂಡು ಹೇರಿದರು. ಒಲೆ ಆರಿಸಿ, ಮುಖ ತೊಳೆದು, ಒಳ್ಳೆಯ ಸೀರೆ ಉಟ್ಟು ನಮ್ಮ ಜೊತೆ ಹೊರಟರು.

ಇಗರ್ಜಿಯಲ್ಲಿ ಮಗನ ಹೆಂಡತಿಯಾದ ನನ್ನ ಪಕ್ಕದಲ್ಲೇ ಕೂತು ಕಣ್ಣು ಮುಚ್ಚಿ ಬೇಡಿದರು. ನಾನಂತೂ ಬೇಡಿದ್ದು ಅನ್ನಕ್ಕಾಗಿಯೇ.

ಮನೆಗೆ ಬಂದು ಮುಚ್ಚಳ ತೆಗೆದಾಗ ಆವಿಗೆ ಅವರ ಕನ್ನಡಕ ಮಸುಕಾಯಿತು. ಅಗುಳು ಬಿರಿದಿತ್ತು. ಮೊದಲ ಸೌಟು ಮಗನ ತಟ್ಟೆಗೆ ಬಡಿಸಿ, "ಆ ಅಡುಗೆಯ ಹೆಂಗಸಿಗೆ ಬರುವುದು ಬೇಡ ಎಂದು ಹೇಳು" ಎಂದರು.

ಕೆಮ್ಮು ಪೂರ್ತಿ ಹೋಗಲಿಲ್ಲ, ತಗ್ಗಿತು. ಕೊನೆಯವರೆಗೂ ಅಡುಗೆಮನೆ ಅವರದೇ ಆಗಿತ್ತು. ಭಾನುವಾರದ ಎರಡನೆಯ ಪೂಜೆಯೂ. ನಾನೋ, ಕೈಯಾರೆ ಮಾಡದ ಯಾವುದನ್ನೂ ಆಮೇಲೆ ಬೋರ್ಡಿನ ಮೇಲೆ ಬರೆಯಲಿಲ್ಲ.

ಇವತ್ತು ಮೊಮ್ಮಗಳು ಅನ್ನಕ್ಕಿಟ್ಟು ಗ್ಯಾಸಿನ ಮುಂದೆ ಕಾವಲು ನಿಂತಿದ್ದಳು. "ಕುದಿದದ್ದು ಸಾಕು, ಆರಿಸು. ಈ ಕಂಬಳಿಯಲ್ಲಿ ಸುತ್ತಿಡು" ಎಂದೆ.

"ಬೇಯದಿದ್ದರೆ?"

"ನಾಳೆ ಇನ್ನೊಮ್ಮೆ ಮಾಡುವ. ಈಗ ಚಪ್ಪಲಿ ಹಾಕು, ಹೊರಗೆ ಹೋಗುವ."