ಫೈರ್ ಇಂಜಿನ್ನಿನ ಮಾವ

ಮಾರುವವನು ನೀರಿನ ಪೈಪಿನ ಸುರುಳಿ ಬಿಚ್ಚಿ ತೋರಿಸಿದ. ಹಸಿ ಕ್ಯಾನ್ವಾಸು, ಪಾಚಿ, ಡೀಸೆಲ್ಲು ಎಲ್ಲ ಬೆರೆತ ವಾಸನೆ ಮೂಗಿಗೆ ಬಡಿಯಿತು. ನಮ್ಮ ಎದುರುಮನೆ ಮಾವ ಡ್ಯೂಟಿ ಮುಗಿಸಿ ಬಂದಾಗ ಅವರ ಖಾಕಿ ಬಟ್ಟೆಯಿಂದ ಬರುತ್ತಿದ್ದದ್ದು ಇದೇ ವಾಸನೆ...

ದೇವಲಾಪುರದ ತೋಟದ ತೆಂಗಿನ ಸಸಿಗಳಿಗೆ ನೀರು ಹೊಡೆಯಲು ನನಗೊಂದು ಟ್ಯಾಂಕರ್ ಬೇಕಿತ್ತು. ಶೀಳನೆರೆ ಹತ್ತಿರದ ಶೆಡ್ಡೊಂದರಲ್ಲಿ ಹಳೆಯ ಫೈರ್ ಇಂಜಿನ್ನು ಸಾಮಾನು ಸಮೇತ ಮಾರಾಟಕ್ಕಿದೆ ಎಂದು ಕೇಳಿ ಹೋಗಿದ್ದೆ. ನೋಡಿದರೆ ಪಾಂಡವಪುರದಲ್ಲಿ ಮಾವ ಓಡಾಡುತ್ತಿದ್ದ ಅದೇ ಗಾಡಿ. ಬಾಗಿಲಿಗೆ ಅವರೇ ಕಟ್ಟಿದ್ದ ತಂತಿ ಇನ್ನೂ ಹಾಗೇ ಇತ್ತು.

ಹೆಸರಿಗಷ್ಟೇ ಬೆಂಕಿಯ ಕೆಲಸ. ಬೇಸಿಗೆಯಲ್ಲಿ ಕಬ್ಬಿನ ಗದ್ದೆಯೋ ಹುಲ್ಲಿನ ಮೆದೆಯೋ ಹೊತ್ತಿಕೊಂಡರೆ ಓಡುತ್ತಿದ್ದರು, ನಿಜ. ಉಳಿದಂತೆ ಮಾವನ ನೌಕರಿ ಕಳೆದದ್ದೆಲ್ಲ ನಾಲೆಯಲ್ಲಿ. ಬಾವಿಗೆ ಬಿದ್ದ ಬಿಂದಿಗೆ ಎತ್ತುವ ಪಾತಾಳಗರಡಿಯಂಥದೇ ಕೊಕ್ಕೆಯನ್ನು ಉದ್ದ ಹಗ್ಗಕ್ಕೆ ಕಟ್ಟಿ ನೀರಿಗೆ ಎಸೆದು, ಮುಳುಗಿದವರನ್ನು ಹುಡುಕುತ್ತಿದ್ದರು. ಏರಿಯ ಮೇಲೆ ಕುಸಿದು ಕೂತ ತಾಯಂದಿರಿಗೆ ಅವರು ಹೇಳುತ್ತಿದ್ದದ್ದು ಒಂದೇ ಮಾತು.

“ನೀರು ಯಾರ್ನೂ ಮಡಿಕೊಳಾಕಿಲ್ಲ ಕಣವ್ವ. ಕೊಟ್ಟೇ ಕೊಡ್ತದೆ.”

ಕೊಡುತ್ತಿತ್ತು ಕೂಡ.

ಆಮೇಲೆ ಅವರ ಮಗಳೇ ಹೋದಳು. ಕ್ಯಾತನಹಳ್ಳಿ ಕಡೆಯಿಂದ ಏರಿಯ ಮೇಲೆ ಬರುವಾಗ ಸ್ಕೂಟರ್ ಜಾರಿ ನಾಲೆಗೆ ಬಿತ್ತು. ಸ್ಕೂಟರ್ ಸಿಕ್ಕಿತು. ಜೊತೆಯವರು ಬೇಡವೆಂದರೂ ಕೇಳದೆ ಮಾವ ತಾವೇ ಕೊಕ್ಕೆ ಎಸೆದರು, ಎಳೆದರು, ಮತ್ತೆ ಎಸೆದರು. ಹಿಂದೆ ಅವರಿಂದ ಸಮಾಧಾನ ಪಡೆದಿದ್ದ ಸುತ್ತಲ ಊರಿನವರು ಬಂದು, ಪಾಪ, ಒಳ್ಳೆಯ ಮನಸ್ಸಿನಿಂದಲೇ, ಅವರ ಮಾತನ್ನೇ ಅವರಿಗೆ ಹೇಳಿದರು. ನೀರು ಕೊಟ್ಟೇ ಕೊಡುತ್ತದೆ ಬಿಡಿ ಎಂದರು. ಮಾವ ಮುಖ ತಿರುಗಿಸಿಕೊಂಡರು. ಅವರೆಲ್ಲರ ಬಾಯಿ ಮುಚ್ಚಿಸಬೇಕು ಅನ್ನಿಸುವಷ್ಟು ಸಿಟ್ಟು ಬಂತು ನನಗೆ. ಕೊನೆಗೆ ನಾಲೆಯ ನೀರನ್ನೇ ನಿಲ್ಲಿಸಿದರು. ಆಗಲೂ ಅವಳು ಸಿಗಲಿಲ್ಲ...

ಮಣ್ಣು ಮಾಡಲು ದೇಹವಿಲ್ಲದೆ ತಿಥಿ ಎಂಥದು ಎಂದು ಅವರ ಹೆಂಡತಿ, ನಮ್ಮ ಅತ್ತೆ, ಯಾವುದಕ್ಕೂ ಒಪ್ಪಲಿಲ್ಲ. ಮಾವ ರಿಟೈರಾಗುವವರೆಗೂ ಬೇರೆಯವರ ಮಕ್ಕಳನ್ನು ಎತ್ತಿಕೊಡುತ್ತಲೇ ಇದ್ದರು, ಆದರೆ ಆ ಮಾತನ್ನು ಮತ್ತೆ ಯಾರಿಗೂ ಹೇಳಲಿಲ್ಲ. ಹೋದ ವರ್ಷ ಅವರೂ ತೀರಿಕೊಂಡರು. ಎಷ್ಟೋ ಮನೆಗೆ ಎತ್ತಿಕೊಟ್ಟವರಿಗೆ ತಮ್ಮ ಮಗಳ ಮುಖ ನೋಡುವಷ್ಟೂ ದಕ್ಕಲಿಲ್ಲವಲ್ಲ ಎಂಬ ಸಂಕಟ ನನಗೆ ಇಂದಿಗೂ ಹೋಗಿಲ್ಲ.

ಗಾಡಿ ಕೊಳ್ಳಲು ಮನಸ್ಸಾಗಲಿಲ್ಲ. ಸಂಜೆ ಅತ್ತೆಗೆ ವಿಷಯ ಹೇಳಿದೆ, ಹೇಳಬಾರದಿತ್ತೇನೋ. ಅವರು ಅಳಲಿಲ್ಲ. ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿ, ಫೈರ್ ಠಾಣೆಗೆ ಹೊಸ ಗಾಡಿ ಬಂದಿದೆಯೇ ಎಂದು ಕೇಳಿದರು. ಬಂದಿದೆ ಎಂದೆ.

“ಅದ್ರಲ್ಲೂ ಅಗ್ಗ, ಕೊಕ್ಕೆ ಮಡಗವ್ರೇನಪ್ಪ? ಒಸಬ್ರಿಗೆ ನಮ್ ಮಗಿನ ಇಸ್ಯ ಯೋಳವ್ರಾ, ಇನ್ನೂ ಸಿಕ್ಕಿಲ್ಲ ಅಂತ?”

ಹೇಳಿದ್ದಾರೆ ಅತ್ತೆ, ಎಂದೆ. ಠಾಣೆಯಲ್ಲಿ ಈಗಿರುವ ಯಾರಿಗೂ ಅವಳ ಹೆಸರು ಕೂಡ ಗೊತ್ತಿಲ್ಲ.