ಎಡಗಿವಿಗೆ ಕೇಳಿದ ಬಡಿತ

ನೀವು ನಂಬಲೇಬೇಕೆಂದು ಇದನ್ನು ಬರೆಯುತ್ತಿಲ್ಲ. ಆ ಕಾರಿನ ಕೆಳಗೆ ಅಂಗಾತ ಮಲಗಿದ್ದವನು ನಾನು, ಕೇಳಿಸಿಕೊಂಡವನೂ ನಾನೇ. ಒಂದು ಮಾತನ್ನೂ ಸೇರಿಸಿಲ್ಲ.

ಎಂಬತ್ತರ ದಶಕದ ನಡುವೆ ನಡೆದದ್ದು. ಕಾಮಾಕ್ಷಿಪಾಳ್ಯದ ಓಣಿಯೊಂದರಲ್ಲಿ ನನ್ನದೂ ರುದ್ರಣ್ಣನದೂ ಸೇರಿ ಒಂದು ಶೀಟಿನ ಗ್ಯಾರೇಜು. ಚಿಕ್ಕಂದಿನಲ್ಲಿ ಜ್ವರ ಬಂದು ನನ್ನ ಎಡಗಿವಿ ಪೂರ್ತಿ ಹೋಗಿತ್ತು. ಹಾಗಾಗಿ ಸದ್ದು ಕೇಳಿ ಇಂಜಿನ್ನಿನ ರೋಗ ಹೇಳುವುದು ರುದ್ರಣ್ಣ, ಬಿಚ್ಚಿ ಕಟ್ಟುವುದು ಹೆಚ್ಚಾಗಿ ನಾನು.

ಆ ವರ್ಷ ಅವನಿಗೆ ಕಾಮಾಲೆ ಆಯಿತು. ತಂಪಿಗೆಂದು ತಲೆಗೆ ಹರಳೆಣ್ಣೆ ಮೆತ್ತಿಕೊಂಡೇ ಕೆಲಸಕ್ಕೆ ಬರುತ್ತಿದ್ದ. ಒಂದು ಹಳೆಯ ಕಾರಿನ ಇಂಜಿನ್ನನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುತ್ತಿದ್ದೆವು. ಕಟ್ಟಿ ಮುಗಿಸಿದ ದಿನ, "ನಟ್ಟೆಲ್ಲ ಒಂದ್ಸಲ ನೋಡ್ಬಿಡ್ತೀನಿ ತಡಿಯೋ" ಅಂದ.

"ನಾನ್ ನೋಡಿದೀನಿ, ನೀನು ಮನೆಗೆ ಹೋಗಿ ಮಲಕ್ಕೋ" ಅಂದೆ.

ಅವನು ಮತ್ತೆ ಗ್ಯಾರೇಜಿಗೆ ಬರಲಿಲ್ಲ.

ನನಗೆ ಅಳು ಬರಲಿಲ್ಲ. ಅವನ ಹನ್ನೊಂದನೇ ದಿನದ ತಿಥಿ ಊಟ ಮುಗಿಸಿ ಬಂದು ಗ್ಯಾರೇಜಿನ ಬಾಗಿಲು ತೆಗೆದೆ. ಕೈ ಕೆಲಸ ಮಾಡುತ್ತಿತ್ತು, ಅಷ್ಟೇ. ಅದೇ ದಿನ ಕತ್ತಲಾದ ಮೇಲೆ ನಾವು ಕಟ್ಟಿಕೊಟ್ಟಿದ್ದ ಆ ಕಾರನ್ನು ಓಡಿಸಿಕೊಂಡು ಅದರ ಯಜಮಾನರು ಬಂದರು, ಮಲ್ಲತ್ತಹಳ್ಳಿಯ ಹನುಮಂತಪ್ಪ.

"ಒಳಗಿಂದ ಯಾರೋ ಬಾಗಿಲು ಬಡ್ದಂಗೆ ಬಡ್ಕೊಳ್ತೈತೆ ಕಣಪ್ಪಾ. ಬೆಳಗಾಗೆದ್ದು ಬಸುರಿ ಮಗಳನ್ನ ಮಾಗಡಿಯಿಂದ ಕರ್ಕೊಂಡ್ ಬರ್ಬೇಕು. ಹೋಗ್ಬೋದಾ?"

ಸ್ಟಾರ್ಟ್ ಮಾಡಿದೆ. ಟಕ್... ಟಕ್... ಟಕ್.

ನಾಲ್ಕು ಸಿಲಿಂಡರಿಗೆ ನಾಲ್ಕು ಪ್ಲಗ್ಗು. ಒಂದೊಂದೇ ಪ್ಲಗ್ಗಿನ ವೈರ್ ಕೀಳುತ್ತಾ ಬಂದೆ. ಯಾವುದನ್ನು ಕಿತ್ತಾಗ ಸದ್ದು ತಗ್ಗುತ್ತದೋ ಅದರ ಕೆಳಗೆ ಪಿಸ್ಟನ್ನಿಗೆ ಕಟ್ಟಿದ ರಾಡಿನಲ್ಲಿ ದೋಷ ಎಂದು ಲೆಕ್ಕ. ಮೂರನೆಯದಕ್ಕೆ ಸ್ವಲ್ಪ ತಗ್ಗಿದಂತೆ ಅನಿಸಿತು. ನಾಲ್ಕನೆಯದನ್ನು ನೋಡುವ ಮೊದಲೇ ಕರೆಂಟು ಹೋಯಿತು. ಇಂಜಿನ್ ಆರಿಸಿದೆ. ಹನುಮಂತಪ್ಪ ಟೀ ಕುಡಿಯಲು ಹೋದರು.

ಆಯಿಲ್ ಇಳಿಸಿ, ಇಂಜಿನ್ನಿನ ಕೆಳಗಿನ ಆಯಿಲ್ ತಟ್ಟೆ ಬಿಚ್ಚಿ, ಟಾರ್ಚ್ ಹಿಡಿದು ಕೆಳಗೆ ಮಲಗಿದೆ. ಮೂರನೇ ರಾಡಿನ ನಟ್ಟು ಬಿಗಿಯಾಗಿತ್ತು. ಬಿಚ್ಚಿ ನೋಡಿದರೆ ಬೇರಿಂಗ್ ಸವೆತವೇ ಇಲ್ಲದೆ ಕನ್ನಡಿಯ ಹಾಗಿತ್ತು.

ಆಗ ಕೇಳಿಸಿತು. ಟಕ್...

ಇಂಜಿನ್ ನಿಂತಿತ್ತು. ಬೀಗದ ಕೈ ನನ್ನ ಜೇಬಿನಲ್ಲಿತ್ತು. ಟಕ್... ಟಕ್... ಇಪ್ಪತ್ತು ವರ್ಷದಿಂದ ಏನನ್ನೂ ಕೇಳದಿದ್ದ ನನ್ನ ಎಡಗಿವಿಯಲ್ಲಿ.

ಹೆದರಿಕೆ ಆಗಲಿಲ್ಲ. ಏನೂ ಆಗಲಿಲ್ಲ. ಕೈಯಲ್ಲಿ ಸ್ಪ್ಯಾನರ್ ಇದೆಯೋ ಇಲ್ಲವೋ ತಿಳಿಯದಷ್ಟು ಬೆರಳು ಮರಗಟ್ಟಿದ್ದವು. ಸುಟ್ಟ ಆಯಿಲ್ಲಿನ ನಡುವೆ ಹರಳೆಣ್ಣೆಯ ವಾಸನೆ ಬಂತು...

"ಮೂರಲ್ಲ ಕಣೋ... ನಾಲ್ಕು."

ಕಿವಿಯ ಪಕ್ಕದಲ್ಲೇ, ಮೆಲ್ಲಗೆ.

ನಾಲ್ಕನೇ ರಾಡಿಗೆ ಕೈ ಹಾಕಿದೆ. ನಟ್ಟು ಬೆರಳಲ್ಲೇ ತಿರುಗಿತು. ಅದನ್ನು ಬಿಗಿ ಮಾಡಿದ್ದವನು ನಾನು. ಮಾಗಡಿ ತಲುಪುವುದರೊಳಗೆ ಆ ರಾಡು ಇಂಜಿನ್ನನ್ನೇ ಸೀಳಿಕೊಂಡು ಹೊರಗೆ ಬರುತ್ತಿತ್ತು.

ಅವನು ಇನ್ನೂ ಏನೋ ಹೇಳುತ್ತಿದ್ದ. ಈ ಸಲ ಉದ್ದದ ಮಾತು, ದನಿ ತೀರಾ ಸಣ್ಣದು. ಸರಿಯಾಗಿ ಕೇಳಲೆಂದು, ಅಭ್ಯಾಸಬಲದಿಂದ, ನೆಟ್ಟಗಿದ್ದ ಬಲಗಿವಿಯನ್ನು ಆ ಕಡೆ ತಿರುಗಿಸಿದೆ.

ಮಾಗಡಿ ರಸ್ತೆಯಲ್ಲಿ ಲಾರಿಯೊಂದು ಹೋದ ಸದ್ದು. ಬೇರೇನೂ ಇಲ್ಲ. ಮತ್ತೆ ಈ ಕಡೆ ಹೊರಳುವಷ್ಟರಲ್ಲಿ ಎಡಗಿವಿ ಎಂದಿನಂತೆ ಮುಚ್ಚಿಹೋಗಿತ್ತು.

ಬೇರಿಂಗ್ ಬದಲಾಯಿಸಿ, ನಟ್ಟು ಬಿಗಿದು, ತಟ್ಟೆ ಮುಚ್ಚಿ ಆಯಿಲ್ ತುಂಬಿಸಿದೆ. ಸ್ಟಾರ್ಟ್ ಮಾಡಿದರೆ ಬಡಿತವಿಲ್ಲ. ಹನುಮಂತಪ್ಪನ ಮಗಳು ಮಾರನೇ ದಿನ ಸುಖವಾಗಿ ತವರಿಗೆ ಬಂದಳು. ಆಮೇಲೆ ಡಾಕ್ಟರ ಹತ್ತಿರ ಕಿವಿ ತೋರಿಸಿದೆ. "ನರವೇ ಸತ್ತಿದೆ, ಇದರಲ್ಲಿ ಕೇಳಿಸೋಕೆ ಸಾಧ್ಯವೇ ಇಲ್ಲ" ಅಂದರು.

ಆ ವಾರ ರುದ್ರಣ್ಣನ ಹೆಂಡತಿ ಗೌರಕ್ಕನನ್ನು ನೋಡಲು ಹೋದೆ. ನಡೆದದ್ದನ್ನು ಹೇಳಬೇಕೆಂದೇ ಹೋದದ್ದು. ಆಕೆ ಕಾಫಿ ಕೊಟ್ಟು, ಎದುರಿಗೆ ಕೂತಳು. ನಾನು ಮಾತು ಶುರು ಮಾಡುವ ಮೊದಲೇ ಕೇಳಿದಳು:

"ಕೊನೇಲಿ ನನ್ಗೆ ಅಂತ ಏನಾದ್ರೂ ಹೇಳಿದ್ರಾ ಅವ್ರು, ನಿಮ್ಮತ್ರ?"

"ಇಲ್ಲ ಅಕ್ಕಾ" ಅಂದೆ.

ಹೇಳಿದ್ದು ಸುಳ್ಳೋ ನಿಜವೋ, ಇವತ್ತಿಗೂ ನನಗೆ ಗೊತ್ತಿಲ್ಲ.