ಕ್ವಿನ್ಸ್ ಗಿಡಕ್ಕೆ ಸಿಕ್ಕ ಶಾಲು

ಇಂಗ್ಲೆಂಡಿನ ಡಿಡ್ಸ್‌ಬರಿಯಲ್ಲಿ ನಮ್ಮ ಪಕ್ಕದ ಮನೆಯ ಡಾಕ್ಟರ ತಾಯಿಗೆ ಅಂಗಡಿಯ ಹೂವು ಪೂಜೆಗೆ ಒಗ್ಗುತ್ತಿರಲಿಲ್ಲ. ಬೆಳಿಗ್ಗೆ ಏಳಕ್ಕೆ ತಪ್ಪದೆ ನಾನು ವಾಕಿಂಗ್ ಹೊರಟರೆ, ಅವರು ಆಗಲೇ ಯಾರದೋ ಬೇಲಿಯ ಬಳಿ ಇರುತ್ತಿದ್ದರು. ಕೇಳಿದರೆ, "ದೇವರಿಗೆ ತಾನೆ, ರಾಯರೇ," ಎನ್ನುತ್ತಿದ್ದರು.

ಒಂದು ಮಾರ್ಚ್‌ನಲ್ಲಿ ಮೂಲೆಮನೆಯ ಕ್ವಿನ್ಸ್ ಗಿಡ ಎಲೆ ಚಿಗುರುವ ಮೊದಲೇ ಕೆಂಪಗೆ ಹೂಬಿಟ್ಟಿತ್ತು. ಅದರ ಮುಳ್ಳಿಗೆ ಅವರ ಉಣ್ಣೆ ಶಾಲು ಸಿಕ್ಕಿಕೊಂಡಿತು. ನಾನು ಬಿಡಿಸುತ್ತಿರುವಾಗಲೇ ಮನೆಯ ಯಜಮಾನ ದೊಡ್ಡ ಕತ್ತರಿ ಹಿಡಿದು ಹೊರಬಂದ.

"ಮಗನ ಕಿವಿಗೆ ಬಿದ್ರೆ ನನ್ನನ್ನ ಹೊರಗೇ ಬಿಡಲ್ಲ," ಎಂದು ಅವರು ಪಿಸುಗುಟ್ಟಿದರು. "ನೀವು ಕಿತ್ತಿದ್ದು ಅಂದ್ಬಿಡಿ."

ಆತ ಗಿಡದ ಪರವಾಗಿ ತಾನೇ ಸಾರಿ ಹೇಳಿ, ಹೂ ತುಂಬಿದ ಕೊಂಬೆಯನ್ನೇ ಕತ್ತರಿಸಿ ಅವರನ್ನು ಬಿಡಿಸಿದ. ಕೊಂಬೆ ಶಾಲಿನ ಜೊತೆಗೇ ಮನೆಗೆ ಹೋಯಿತು.

ಮರುದಿನ ಚಳಿಯಿರಲಿಲ್ಲ. ಆದರೂ ಅವರು ಅದೇ ಶಾಲು ಹೊದ್ದು, ಅದೇ ಗಿಡಕ್ಕೆ ಒತ್ತಿಕೊಂಡು ನಿಂತು, ಯಜಮಾನನ ಬಾಗಿಲನ್ನೇ ನೋಡುತ್ತಿದ್ದರು.